ಬ್ಲೂ ರಿಡ್ಜ್ ಪಾರ್ಕ್‌ವೇ: ಅಕ್ಟೋಬರ್‌ನಲ್ಲಿ ರೇಂಜರ್ ಕಾರ್ಯಕ್ರಮಕ್ಕೆ ಎಲ್ಲಿಗೆ, ಯಾವ ಹೊತ್ತಿಗೆ?

#1 · ಶಾರ್ಲಟ್ ಸಂಸಾರ

ಅಕ್ಟೋಬರ್ ಎರಡನೇ ವಾರ ಶಾರ್ಲಟ್‌ನಿಂದ ಬ್ಲೂ ರಿಡ್ಜ್ ಪಾರ್ಕ್‌ವೇಗೆ (ಅಮೆರಿಕದಲ್ಲಿ ಬೆಟ್ಟಸಾಲಿನ ಮೇಲೆ ಹಾಯುವ ಪ್ರವಾಸಿ ರಸ್ತೆ) ಹೋಗುವುದಿದೆ. ಊರಿಂದ ಬಂದಿರುವ ಇಬ್ಬರು ಹಿರಿಯರು (ಇಂಗ್ಲಿಷ್ ಅಷ್ಟಾಗಿ ಬರಲ್ಲ, ಮಂಡಿ ನೋವು ಬೇರೆ), 7 ಮತ್ತು 11 ವರ್ಷದ ಮಕ್ಕಳು. ಕಾರಲ್ಲೇ ಕೂತು ಎಲೆಯ ಬಣ್ಣ ನೋಡಿ ವಾಪಸ್ ಬರುವುದು ಬೇಡ. ರೇಂಜರ್‌ಗಳು (ಪಾರ್ಕ್‌ನ ಸಿಬ್ಬಂದಿ) ನಡೆಸುವ ನಡಿಗೆ, ಉಪನ್ಯಾಸ, ಹಳೇ ಕಸುಬಿನ ಪ್ರಾತ್ಯಕ್ಷಿಕೆ ಇವಕ್ಕೆ ಹೊಂದಿಸಿಕೊಂಡು ಒಂದು ದಿನ ಹಾಕಬೇಕು. ಮೊದಲೇ ಬುಕ್ ಮಾಡಬೇಕಾ? ಯಾವ ಜಾಗ? ಅರ್ಧ ಗಂಟೆಗಿಂತ ಹೆಚ್ಚು ಏರು ನಡೆಯಲು ಹಿರಿಯರಿಗೆ ಆಗಲ್ಲ.

#2 · ಘಟ್ಟದ ಹಾದಿ

ಮೊದಲು ದೂರದ ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಪಾರ್ಕ್‌ವೇ ಒಟ್ಟು 469 ಮೈಲು. ವರ್ಜೀನಿಯಾದ ರಾಕ್‌ಫಿಶ್ ಗ್ಯಾಪ್‌ನಲ್ಲಿ ಸೊನ್ನೆ, ನಾರ್ತ್ ಕ್ಯಾರೊಲೈನಾದಲ್ಲಿ ಚೆರೊಕೀ ಊರಿನ ಹತ್ತಿರ 469. ಮೈಲಿಗೊಂದು ಕಲ್ಲು ನೆಟ್ಟಿದ್ದಾರೆ, ಉತ್ತರದಿಂದ ದಕ್ಷಿಣಕ್ಕೆ ಅಂಕಿ ಏರುತ್ತಾ ಹೋಗುತ್ತೆ. ಇಲ್ಲಿ ವಿಳಾಸ ಅಂದರೆ ಮೈಲುಗಲ್ಲೇ. ಕಾರ್ಯಕ್ರಮ ಪಟ್ಟಿಯಲ್ಲಿ "294" ಅಂತಿದ್ದರೆ ಅದು ಬೀದಿಯ ನಂಬರಲ್ಲ, 294ನೇ ಮೈಲು.

ವೇಗದ ಮಿತಿ ಗಂಟೆಗೆ 45 ಮೈಲು. ತಿರುವು, ಸೈಕಲ್ಲು, ರಸ್ತೆ ದಾಟುವ ಜಿಂಕೆ ಎಲ್ಲ ಸೇರಿ ಸರಾಸರಿ 35 ಸಿಕ್ಕರೆ ಚೆನ್ನಾಗಿ ಹೋಯಿತು ಅನ್ನಬೇಕು. ಅಕ್ಟೋಬರ್ ವಾರಾಂತ್ಯದಲ್ಲಿ ಅದೂ ಇಲ್ಲ. ಹಾಗಾಗಿ 100 ಮೈಲಿಗೆ ಮೂರು ಗಂಟೆ ಬೇಕು, ಅದೂ ಎಲ್ಲೂ ನಿಲ್ಲಿಸದಿದ್ದರೆ. ಪ್ರವೇಶ ಶುಲ್ಕ ಇಲ್ಲ. ಇಡೀ ಪಾರ್ಕ್‌ವೇ ಮೇಲೆ ಒಂದೂ ಪೆಟ್ರೋಲ್ ಬಂಕ್ ಇಲ್ಲ, ಅಡ್ಡ ಹೆದ್ದಾರಿಗಳಿಗೆ ಇಳಿದೇ ಹಾಕಿಸಬೇಕು.

ನನ್ನ ಸಲಹೆ ಇಷ್ಟೇ: ಮೊದಲು ಕಾರ್ಯಕ್ರಮ ಆರಿಸಿ, ಆಮೇಲೆ ಅದರ ಹಿಂದೆ ಮುಂದೆ 30 ಮೈಲಿನೊಳಗೆ ಏನಿದೆ ನೋಡಿ. ರಸ್ತೆ ಮೊದಲು ಹಾಕಿಕೊಂಡು "ದಾರಿಯಲ್ಲಿ ರೇಂಜರ್ ಸಿಗುತ್ತಾರೆ" ಅಂತ ಹೊರಟರೆ ಬೀಗ ಹಾಕಿದ ಬಾಗಿಲು, ಖಾಲಿ ಬೆಂಚು ಇಷ್ಟೇ ಸಿಗೋದು.

ಬುಕಿಂಗ್ ವಿಷಯ: ಉಪನ್ಯಾಸ, ನಡಿಗೆ, ಕ್ಯಾಂಪ್‌ಗ್ರೌಂಡ್‌ನ ಸಂಜೆ ಕಾರ್ಯಕ್ರಮ ಇವಕ್ಕೆ ಸಾಮಾನ್ಯವಾಗಿ ದುಡ್ಡೂ ಇಲ್ಲ, ಬುಕಿಂಗೂ ಇಲ್ಲ. ಹೇಳಿದ ಜಾಗಕ್ಕೆ ಹದಿನೈದು ನಿಮಿಷ ಮುಂಚೆ ಹೋದರೆ ಸಾಕು. ಮೋಸಸ್ ಕೋನ್ ಬಂಗಲೆಯ ಮಹಡಿ ನೋಡುವ ಪ್ರವಾಸದಂಥವಕ್ಕೆ (ಮೈಲು 294) ಜನರ ಮಿತಿ ಇರುತ್ತೆ, ಅಲ್ಲಿ ಮುಂಚೆ ಹೆಸರು ಬರೆಸಬೇಕು.

#3 · ಹಸಿರೆಲೆ

#2ಕ್ಕೆ ಒಂದು ಮಾತು ಸೇರಿಸ್ತೀನಿ. ರೇಂಜರ್ ಅಂದರೆ ಎಲ್ಲರೂ ಒಂದೇ ಅಲ್ಲ. ಸೊಂಟದಲ್ಲಿ ಪಿಸ್ತೂಲು ಇರುವವರು ಕಾನೂನು ಸುವ್ಯವಸ್ಥೆಯವರು, ರಸ್ತೆ, ಅಪಘಾತ, ಕಳ್ಳಬೇಟೆ ಅವರ ಕೆಲಸ. ಅಗಲ ಅಂಚಿನ ಚಪ್ಪಟೆ ಟೋಪಿ ಇಬ್ಬರಿಗೂ ಇರುತ್ತೆ, ಆದರೆ ಜನರನ್ನು ಕರೆದುಕೊಂಡು ಹೋಗಿ ವಿವರಿಸುವವರ ವಿಭಾಗವೇ ಬೇರೆ. ಇವರಲ್ಲಿ ಅನೇಕರು ಬೇಸಿಗೆಯಿಂದ ಅಕ್ಟೋಬರ್ ಕೊನೆವರೆಗಿನ ಹಂಗಾಮಿ ನೌಕರರು. ಮಗ್ಗ, ಕುಲುಮೆ, ಗಿರಣಿಗಳಲ್ಲಿ ಕೈಕೆಲಸ ತೋರಿಸುವವರಲ್ಲಿ ಸ್ವಯಂಸೇವಕರೂ ಇರುತ್ತಾರೆ. ಅದಕ್ಕೇ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ. ಹೋದ ವರ್ಷದ ಬ್ಲಾಗ್ ಓದಿ "ಶನಿವಾರ 10ಕ್ಕೆ ನಡಿಗೆ ಇದೆ" ಅಂತ ಹೋಗಬೇಡಿ.

ನೋಡಬೇಕಾದದ್ದು ನ್ಯಾಷನಲ್ ಪಾರ್ಕ್ ಸರ್ವಿಸ್‌ನ (ಈ ರಸ್ತೆ ನೋಡಿಕೊಳ್ಳುವ ಫೆಡರಲ್ ಇಲಾಖೆ) ಪಾರ್ಕ್‌ವೇ ಪುಟದಲ್ಲಿರುವ ಕ್ಯಾಲೆಂಡರ್. ಹೊರಡುವ ವಾರದಲ್ಲಿ ಒಮ್ಮೆ, ಹಿಂದಿನ ರಾತ್ರಿ ಇನ್ನೊಮ್ಮೆ. ಬೆಟ್ಟದ ಮೇಲೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ, ಆದ್ದರಿಂದ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ನಕ್ಷೆಯನ್ನೂ ಆಫ್‌ಲೈನ್ ಇಳಿಸಿಕೊಳ್ಳಿ.

ಅಕ್ಟೋಬರ್ ಆದ್ದರಿಂದ ಇನ್ನೊಂದು: ಫೆಡರಲ್ ಸರಕಾರದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಬಜೆಟ್ ಪಾಸಾಗದೆ ಸರಕಾರ ಸ್ಥಗಿತವಾದರೆ (2013ರಲ್ಲಿ ಆಯಿತು, 2025ರಲ್ಲೂ ಆಯಿತು) ರಸ್ತೆ ತೆರೆದೇ ಇರಬಹುದು, ರೇಂಜರ್ ಕಾರ್ಯಕ್ರಮ ಮಾತ್ರ ನಿಂತುಹೋಗುತ್ತೆ. ಸೆಪ್ಟೆಂಬರ್ ಕೊನೆಯ ಸುದ್ದಿಯ ಮೇಲೆ ಒಂದು ಕಣ್ಣಿಟ್ಟಿರಿ.

#4 · ಶಾರ್ಲಟ್ ಸಂಸಾರ

ಧನ್ಯವಾದ. ಲಿನ್ ಕೋವ್ ಸೇತುವೆ, ಲಿನ್‌ವಿಲ್ ಜಲಪಾತ, ಮೌಂಟ್ ಮಿಚೆಲ್ ಈ ಮೂರನ್ನೂ ಒಂದೇ ದಿನ ಮಾಡಿ ಆಶ್‌ವಿಲ್‌ನಲ್ಲಿ ತಂಗಬಹುದಾ?

#5 · ಘಟ್ಟದ ಹಾದಿ

ಲೆಕ್ಕ ಹಾಕಿ. ಲಿನ್ ಕೋವ್ 304, ಲಿನ್‌ವಿಲ್ 316.4, ಮೌಂಟ್ ಮಿಚೆಲ್ ತಿರುವು 355.4, ಆಶ್‌ವಿಲ್ ಸಂದರ್ಶಕ ಕೇಂದ್ರ 384. ಒಟ್ಟು 80 ಮೈಲು, ಬರೀ ಸ್ಟಿಯರಿಂಗ್ ಹಿಡಿದು ಎರಡೂವರೆ ಗಂಟೆ, ಅದರ ಮೇಲೆ ಶಾರ್ಲಟ್‌ನಿಂದ ಹತ್ತುವ ಎರಡು ಗಂಟೆ. ಮಂಡಿ ನೋವಿನವರನ್ನು ಅಷ್ಟು ಹೊತ್ತು ತಿರುವುಗಳಲ್ಲಿ ಕೂರಿಸಿದರೆ ಸಂಜೆಗೆ ಯಾರಿಗೂ ಏನೂ ಕೇಳಿಸಿಕೊಳ್ಳುವ ಮನಸ್ಸಿರಲ್ಲ.

ಅದಕ್ಕಿಂತ ಮುಖ್ಯ, ರಸ್ತೆ ತೆರೆದಿದೆಯಾ ನೋಡಬೇಕು. 2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತದ ಮಳೆಗೆ ನಾರ್ತ್ ಕ್ಯಾರೊಲೈನಾ ಭಾಗದಲ್ಲಿ ಡಜನ್‌ಗಟ್ಟಲೆ ಕಡೆ ಗುಡ್ಡ ಜರಿಯಿತು. ಅಲ್ಲಿಂದ ತುಂಡು ತುಂಡಾಗಿ ದುರಸ್ತಿ ಮಾಡಿ ತೆರೆಯುತ್ತಾ ಬಂದಿದ್ದಾರೆ. ಈ ರಸ್ತೆಯನ್ನು ಇಳಿಜಾರಿನ ಒಳಬದಿ ಕಡಿದು, ಹೊರಬದಿಗೆ ಮಣ್ಣು ತುಂಬಿ ಮಾಡಿದ್ದಾರೆ. ನೀರು ಕುಡಿದ ಆ ತುಂಬು ಮಣ್ಣು ಕೆಳಗೆ ಜಾರಿದರೆ ಮೇಲೆ ಡಾಂಬರು ಹಾಗೇ ಕಾಣುತ್ತೆ, ಅಡಿಯಲ್ಲಿ ಟೊಳ್ಳು. ಆದ್ದರಿಂದ ಕಾಮಗಾರಿಗೆ ಮುಚ್ಚಿದ ಜಾಗಕ್ಕೆ ನಡೆದುಕೊಂಡೂ ಹೋಗಬಾರದು. ಚಳಿಗಾಲದ ಹಿಮಕ್ಕೆ ಗೇಟು ಹಾಕಿದಾಗ ನಡೆಯಲು, ಸೈಕಲ್ಲಿಗೆ ಬಿಡುತ್ತಾರೆ, ಅದು ಬೇರೆ ರೀತಿಯ ಮುಚ್ಚುವಿಕೆ. ಈ ಎರಡನ್ನೂ ಕಲಸಿಕೊಳ್ಳಬೇಡಿ.

ಫೋನಿನ ನಕ್ಷೆಯಲ್ಲಿ ಮುಚ್ಚಿದ್ದು ಯಾವಾಗಲೂ ಕಾಣಲ್ಲ. ಪಾರ್ಕ್ ಸರ್ವಿಸ್‌ನ "ರಸ್ತೆ ಸ್ಥಿತಿ" ಪುಟದಲ್ಲಿ ಯಾವ ಮೈಲಿನಿಂದ ಯಾವ ಮೈಲಿನವರೆಗೆ ತೆರೆದಿದೆ ಅಂತ ಕೋಷ್ಟಕ ಕೊಟ್ಟಿರುತ್ತಾರೆ. ಅದನ್ನೇ ನಂಬಿ.

#6 · ಬೀಸುಕಲ್ಲು

ಶಾರ್ಲಟ್‌ನವರು ಆಶ್‌ವಿಲ್ ಕಡೆಗೇ ಯಾಕೆ ನೋಡುತ್ತಾರೋ! ನಿಮ್ಮೂರಿನಿಂದ ಐ-77 ಹೆದ್ದಾರಿ ಹಿಡಿದು ನೆಟ್ಟಗೆ ಉತ್ತರಕ್ಕೆ ಸುಮಾರು 100 ಮೈಲು ಬಂದರೆ ವರ್ಜೀನಿಯಾದ ಫ್ಯಾನ್ಸಿ ಗ್ಯಾಪ್. ಅಲ್ಲಿ ಪಾರ್ಕ್‌ವೇ ಹತ್ತಿದರೆ ಮೈಲು 199.5. ಉತ್ತರಕ್ಕೆ 23 ಮೈಲು ಹೋದರೆ ಮ್ಯಾಬ್ರಿ ಮಿಲ್ (176.2), ದಕ್ಷಿಣಕ್ಕೆ 13 ಮೈಲು ಹೋದರೆ ಬ್ಲೂ ರಿಡ್ಜ್ ಮ್ಯೂಸಿಕ್ ಸೆಂಟರ್ (213). ಹೆಲೀನ್ ಹೊಡೆತ ಈ ಭಾಗಕ್ಕೆ ಅಷ್ಟು ಬಿದ್ದಿಲ್ಲ. ಇಲ್ಲಿ ಬೆಟ್ಟಕ್ಕಿಂತ ಪ್ರಸ್ಥಭೂಮಿ ಜಾಸ್ತಿ, ತಿರುವು ಕಡಿಮೆ, ಹಿರಿಯರಿಗೆ ಹಿತ.

ಮ್ಯಾಬ್ರಿ ಮಿಲ್ ನಮ್ಮವರಿಗೆ ಅರ್ಥವಾದಷ್ಟು ಇನ್ನಾರಿಗೂ ಆಗಲಿಕ್ಕಿಲ್ಲ. ಎಡ್ ಮ್ಯಾಬ್ರಿ 1900ರ ದಶಕದಲ್ಲಿ ಕಟ್ಟಿದ್ದು. ಒಂದೇ ನೀರಚಕ್ರದಿಂದ ಮೆಕ್ಕೆಜೋಳ ಬೀಸುವುದು, ಮರ ಕೊಯ್ಯುವುದು ಎರಡೂ ನಡೆಯುತ್ತಿತ್ತು, ಪಕ್ಕದಲ್ಲೇ ಕುಲುಮೆ. ಚಕ್ರದ ಹತ್ತಿರ ನಿಂತು ಮೇಲೆ ನೋಡಿ: ಮರದ ದೋಣಿ (ಹಲಗೆಯ ಕಾಲುವೆ) ನೀರನ್ನು ತಂದು ಚಕ್ರದ ನೆತ್ತಿಗೆ ಸುರಿಯುತ್ತೆ. ಚಕ್ರದ ಸುತ್ತ ಇರುವ ತೊಟ್ಟಿಗಳು ತುಂಬಿ, ನೀರಿನ ಭಾರಕ್ಕೆ ಚಕ್ರ ಇಳಿಯುತ್ತೆ. ರಭಸದಿಂದ ತಿರುಗುವುದಲ್ಲ, ಭಾರದಿಂದ. ಇಲ್ಲಿಯ ಹಳ್ಳಗಳಲ್ಲಿ ನೀರು ಕಡಿಮೆ, ಎರಡು ಕಡೆಯಿಂದ ಕೂಡಿಸಿ ತಂದರೂ ಚಕ್ರ ನಿಧಾನ. ಆ ನಿಧಾನವೇ ಒಳ್ಳೆಯದಾಯಿತು. ಕಲ್ಲು ವೇಗವಾಗಿ ತಿರುಗಿದರೆ ಹಿಟ್ಟು ಬಿಸಿಯಾಗಿ ಸೀದ ವಾಸನೆ ಹಿಡಿಯುತ್ತೆ, ಮ್ಯಾಬ್ರಿಯ ಹಿಟ್ಟಿಗೆ ಅದು ಇರುತ್ತಿರಲಿಲ್ಲ ಅಂತಲೇ ಹೆಸರು. ರಾಗಿ ಬೀಸಿಸಿ ತಂದ ತಕ್ಷಣ ಡಬ್ಬಿಗೆ ಹಾಕದೆ ಹರವಿ ಆರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಕೇಳಬೇಕಾದ ಪ್ರಶ್ನೆಗಳು: ಕಲ್ಲುಗಳ ನಡುವಿನ ಸಂದು ಎಷ್ಟು, ಯಾರು ಹೇಗೆ ಸರಿಮಾಡುತ್ತಾರೆ? ಕಲ್ಲಿನ ಗೀರು ಸವೆದಾಗ ಮತ್ತೆ ಕುಟ್ಟುವುದು ಹೇಗೆ? ಕಾಳು ಮುಗಿದು ಕಲ್ಲಿಗೆ ಕಲ್ಲು ತಾಗಿದರೆ ಏನಾಗುತ್ತೆ? (ಕಿಡಿ ಹಾರುತ್ತೆ, ಗೀರು ಹಾಳಾಗುತ್ತೆ, ಒಣ ಹಿಟ್ಟಿನ ದೂಳಿಗೆ ಬೆಂಕಿಯ ಭಯ.) ಇಂಥ ಪ್ರಶ್ನೆ ಬಂದರೆ ತೋರಿಸುವವರು ಐದು ನಿಮಿಷದ ಮಾತನ್ನು ಇಪ್ಪತ್ತು ನಿಮಿಷಕ್ಕೆ ಎಳೆಯುತ್ತಾರೆ.

ಅಕ್ಟೋಬರ್ ವಾರಾಂತ್ಯಗಳಲ್ಲಿ ಅಲ್ಲಿ ಜೋನಿಬೆಲ್ಲದ ಹಾಗಿರುವ ಪಾಕ ಕಾಯಿಸುವುದನ್ನೂ ತೋರಿಸುವ ರೂಢಿ ಇದೆ. ಕಬ್ಬಲ್ಲ, ಜೋಳದ ಜಾತಿಯದೇ ಸಿಹಿ ಕಡ್ಡಿ. ಕುದುರೆ ಸುತ್ತು ಹಾಕಿ ತಿರುಗಿಸುವ ಗಾಣದಲ್ಲಿ ಅರೆದು, ಅಗಲ ಬಾಣಲೆಯಲ್ಲಿ ಕುದಿಸುತ್ತಾರೆ. ಹತ್ತು ಗ್ಯಾಲನ್ ರಸಕ್ಕೆ ಸುಮಾರು ಒಂದು ಗ್ಯಾಲನ್ ಪಾಕ. ಮೇಲೆ ಬರುವ ಹಸಿರು ನೊರೆ ತೆಗೆಯುತ್ತಲೇ ಇರಬೇಕು, ಬಿಟ್ಟರೆ ಪಾಕ ಕಹಿ. ಆಲೆಮನೆ ನೋಡಿದ ಹಿರಿಯರು ಇಲ್ಲಿ ನಿಂತರೆ ಮಾತಾಡುವವರು ಅವರೇ, ನೀವು ಅನುವಾದ ಮಾಡಬೇಕು ಅಷ್ಟೇ.

#7 · ಹಲಗೆ ಬಳಪ

ಮ್ಯಾಬ್ರಿ ಮಿಲ್ ಬಗ್ಗೆ ಒಂದು ಸತ್ಯ ಸೇರಲೇಬೇಕು. ಗಿರಣಿ ಪಕ್ಕದಲ್ಲಿ ಕಾಣುವ ದಿಮ್ಮಿಮನೆ ಮ್ಯಾಬ್ರಿ ದಂಪತಿಯದಲ್ಲ. ಅವರು ಇದ್ದದ್ದು ಹಲಗೆ ಹೊಡೆದ ಎರಡು ಅಂತಸ್ತಿನ ಮನೆಯಲ್ಲಿ. ಪಾರ್ಕ್‌ನವರು ಅದನ್ನು ಕೆಡವಿ, 1950ರ ದಶಕದಲ್ಲಿ ಬೇರೆ ಕಡೆಯಿಂದ ಮ್ಯಾಥ್ಯೂಸ್ ಕುಟುಂಬದ ದಿಮ್ಮಿಮನೆ ತಂದು ನಿಲ್ಲಿಸಿದರು. ಕಾರಣ: "ಬೆಟ್ಟದ ಜನ ಅಂದರೆ ದಿಮ್ಮಿಮನೆ" ಅನ್ನುವ ಚಿತ್ರ ಪ್ರವಾಸಿಗರಿಗೆ ಬೇಕಿತ್ತು. ಗಿರಣಿ, ಗರಗಸ, ಕುಲುಮೆ ಮೂರನ್ನೂ ನಡೆಸುತ್ತಿದ್ದ ಅನುಕೂಲಸ್ಥರ ಮನೆಯನ್ನು ಅಳಿಸಿ ಬಡ ಗುಡಿಸಲಿನ ಚಿತ್ರ ಇಟ್ಟಂತಾಯಿತು. ಇದನ್ನು ರೇಂಜರ್ ಹತ್ತಿರ ಕೇಳಿ, ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಪರಂಪರೆ ಕಾರ್ಯಕ್ರಮ ಅಂದರೆ ನನ್ನ ಪ್ರಕಾರ ಇದೇ: ಏನು ಉಳಿಸಿದರು ಅನ್ನುವಷ್ಟೇ ಏನು ಕೆಡವಿದರು ಅನ್ನುವುದೂ.

ರಸ್ತೆ ಕೆಲಸ ಶುರುವಾದದ್ದು 1935ರ ಸೆಪ್ಟೆಂಬರ್ 11, ಕಂಬರ್‌ಲ್ಯಾಂಡ್ ನಾಬ್ ಬಳಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೈಗೆ ಕೆಲಸ ಕೊಡಲೆಂದು. ಮುಗಿದದ್ದು 1987ರಲ್ಲಿ, ಲಿನ್ ಕೋವ್ ಸೇತುವೆ ತೆರೆದಾಗ. ಸೇತುವೆ 1,243 ಅಡಿ, 153 ತುಂಡುಗಳು. ಗ್ರ್ಯಾಂಡ್‌ಫಾದರ್ ಬೆಟ್ಟದ ಬಂಡೆ ಒಡೆಯಬಾರದು ಅಂತ ಮೇಲಿನಿಂದಲೇ ತುಂಡು ಜೋಡಿಸಿಕೊಂಡು ಮುಂದೆ ಹೋದರು. ದಕ್ಷಿಣದ ಕೊನೆ ಮೈಲುಗಳು ಚೆರೊಕೀ ಮೂಲನಿವಾಸಿ ಜನರ ನೆಲ. ಅವರು ಮೊದಲು ಒಪ್ಪಲಿಲ್ಲ, ತಮಗೆ ಬೇಕಾದ ಹಾಗೆ ಹಾದಿ ಬದಲಾಯಿಸಿಕೊಂಡ ಮೇಲೆ, 1940ರಲ್ಲಿ ಒಪ್ಪಂದ ಆಯಿತು.

#8 · ನೂಲಿನೆಳೆ

ಬೀಸುಕಲ್ಲು ಅವರೇ, ಪಕೆಟ್ ಕ್ಯಾಬಿನ್ (189.9) ಬಿಟ್ಟುಬಿಟ್ಟಿರಲ್ಲ. ಮಿಲ್‌ಗೆ ಹೋಗುವ ದಾರಿಯಲ್ಲೇ ಇದೆ, ಕಾರಿನಿಂದ ಹತ್ತು ಹೆಜ್ಜೆ. ಓರ್ಲೀನ್ ಹಾಕ್ಸ್ ಪಕೆಟ್ ಅನ್ನುವ ಸೂಲಗಿತ್ತಿಯ ನೆನಪಿನ ಜಾಗ. ತಾವು ಹೆತ್ತ 24 ಮಕ್ಕಳಲ್ಲಿ ಒಂದೂ ಹಸುಳೆತನ ದಾಟಲಿಲ್ಲ. ಆಮೇಲೆ, ನಡುವಯಸ್ಸು ಕಳೆದ ಮೇಲೆ, ಸುತ್ತಲಿನ ಬೆಟ್ಟಗಳಲ್ಲಿ ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ತೀರಿಕೊಂಡದ್ದು 1939ರಲ್ಲಿ. ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರು ಗೊತ್ತಿರುವ ಹಿರಿಯರಿಗೆ ಈ ಒಂದು ಫಲಕವನ್ನು ನಿಧಾನವಾಗಿ ಓದಿ ಹೇಳಿ.

ಒಂದು ಮೈಲು ಉತ್ತರಕ್ಕೆ ಗ್ರೌಂಡ್‌ಹಾಗ್ ಮೌಂಟನ್ (188.8). ಅಲ್ಲಿ ಬೇಲಿಗಳದೇ ಪ್ರದರ್ಶನ: ಹಾವಿನ ಹಾಗೆ ಅಂಕುಡೊಂಕಾದದ್ದು, ಕತ್ತರಿಗಾಲಿನದು, ಕಂಬಕ್ಕೆ ತೂತು ಹಾಕಿ ಸೇರಿಸಿದ್ದು. ಅಂಕುಡೊಂಕು ಬೇಲಿಗೆ ಗುಂಡಿ ತೋಡುವುದೂ ಬೇಡ, ಮೊಳೆಯೂ ಬೇಡ, ಕಲ್ಲುನೆಲಕ್ಕೆ ಅದೇ ಸರಿ. ಮರ ಹೆಚ್ಚು ತಿನ್ನುತ್ತೆ, ಆದರೆ ಆಗ ಮರಕ್ಕೇನೂ ಬರ ಇರಲಿಲ್ಲ. ಸೀಳಿದ ಚೆಸ್ಟ್‌ನಟ್ ಮರ, ಮಳೆಗೆ ಕೊಳೆಯದ ಜಾತಿ. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಕಂಡ ಶಿಲೀಂಧ್ರ ರೋಗ ಸುಮಾರು 1950ರ ಹೊತ್ತಿಗೆ ಈ ಬೆಟ್ಟಗಳ ದೊಡ್ಡ ಚೆಸ್ಟ್‌ನಟ್ ಮರಗಳನ್ನೆಲ್ಲ ಕೊಂದಿತು. ಬೇರು ಇನ್ನೂ ಜೀವಂತ, ಚಿಗುರು ಬರುತ್ತೆ, ಆಳೆತ್ತರ ದಾಟುವಷ್ಟರಲ್ಲಿ ಮತ್ತೆ ರೋಗ ಹಿಡಿಯುತ್ತೆ. ನಡಿಗೆಯಲ್ಲಿ ಗರಗಸದಂಥ ಅಂಚಿನ ಉದ್ದೆಲೆ ಕಂಡರೆ ರೇಂಜರ್‌ಗೆ ತೋರಿಸಿ.

ಇನ್ನು ಬ್ರಿನೆಗರ್ ಕ್ಯಾಬಿನ್ (238.5). ಮಗ್ಗದ ಮನೆ. ಅಲ್ಲಿ ಹೇಳುವ ನಾರು ಯಾವುದು ಗೊತ್ತಾ? ಅಗಸೆ. ಉತ್ತರ ಕರ್ನಾಟಕದಲ್ಲಿ ಅಗಸಿ ಹಿಂಡಿ ಮಾಡುವ ಅದೇ ಗಿಡ, ಆದರೆ ಇಲ್ಲಿ ಬೀಜಕ್ಕಲ್ಲ, ಕಾಂಡದ ನಾರಿಗೆ. ಕೊಯ್ಯುವುದಿಲ್ಲ, ಬುಡಸಮೇತ ಕೀಳುತ್ತಾರೆ, ಯಾಕೆಂದರೆ ನಾರು ಬೇರಿನತನಕ ಓಡುತ್ತೆ, ಕತ್ತರಿಸಿದರೆ ಉದ್ದ ಹೋಯಿತು. ಬಾಚಿ ಬೀಜ ಉದುರಿಸಿ, ಇಬ್ಬನಿಗೆ ಹುಲ್ಲಿನ ಮೇಲೆ ಹರಡಿ ಅಥವಾ ನೀರಲ್ಲಿ ಮುಳುಗಿಸಿ ಕೊಳೆಹಾಕುತ್ತಾರೆ, ಪುಂಡಿ ನಾರಿಗೆ ಕೆರೆಯಲ್ಲಿ ಕೊಳೆಹಾಕುವ ಹಾಗೇ. ಕಡಿಮೆ ಕೊಳೆತರೆ ತೊಗಟೆ ನಾರು ಬಿಡಲ್ಲ, ಹೆಚ್ಚು ಕೊಳೆತರೆ ನಾರೇ ಪುಡಿ. ಆಮೇಲೆ ಒಣಗಿಸಿ, ಮರದ ದವಡೆಯಂಥ ಸಾಧನದಲ್ಲಿ ಮುರಿದು, ಮರಗತ್ತಿಯಿಂದ ಸಿಪ್ಪೆ ಬಡಿದು, ಮೊಳೆ ಹೊಡೆದ ಹಲಗೆಯ ಮೇಲೆ ಎಳೆಯುತ್ತಾರೆ. ಗಿಡ್ಡ ನಾರು ಹಲಗೆಯಲ್ಲಿ ಉಳಿಯುತ್ತೆ, ಉದ್ದನೆಯದು ಕೈಗೆ ಬರುತ್ತೆ, ಹೊಂಬಣ್ಣದ ಕೂದಲಿನ ಜಡೆಯ ಹಾಗೆ. ಪ್ರಾತ್ಯಕ್ಷಿಕೆಯ ದಿನ ಇದ್ದರೆ ಮಾತ್ರ ಅಷ್ಟು ದೂರ ಹೋಗಿ, ಇಲ್ಲದಿದ್ದರೆ ಮುಚ್ಚಿದ ಮನೆ ಹೊರಗಿಂದ ನೋಡಿ ಬರಬೇಕಾಗುತ್ತೆ.

#9 · ತಂತಿವಾದ್ಯ

ಮ್ಯೂಸಿಕ್ ಸೆಂಟರ್: ಸೀಸನ್‌ನಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಸ್ಥಳೀಯ ಕಲಾವಿದರು ನುಡಿಸುತ್ತಾರೆ, ಉಚಿತ. ವಾರದ ಯಾವ ದಿನ ಅನ್ನುವುದನ್ನು ಅವರ ಕ್ಯಾಲೆಂಡರ್‌ನಲ್ಲೇ ನೋಡಿ. ಸೂರಿನಡಿ ಕೂರುವ ಜಾಗ, ಮಳೆ ಬಂದರೂ ತೊಂದರೆ ಇಲ್ಲ, ನಡೆಯುವುದೂ ಇಲ್ಲ. ಸಂಜೆಯ ದೊಡ್ಡ ಕಛೇರಿಗಳಿಗೆ ಟಿಕೆಟ್ ಬೇರೆ.

ಮಕ್ಕಳಿಗೆ ಮೊದಲು ಒಳಗಿನ ಸಂಗ್ರಹಾಲಯ ತೋರಿಸಿ, ಆಮೇಲೆ ಕೂರಿಸಿ. ಬ್ಯಾಂಜೋ ಮೂಲ ಪಶ್ಚಿಮ ಆಫ್ರಿಕದ ಸೋರೆಬುರುಡೆ ವಾದ್ಯ, ಗುಲಾಮರಾಗಿ ತರಲ್ಪಟ್ಟವರ ಜೊತೆ ಬಂದದ್ದು. ಫಿಡಲ್ ಯೂರೋಪಿನಿಂದ. ಎರಡೂ ಈ ಬೆಟ್ಟಗಳಲ್ಲಿ ಸೇರಿದವು. ಪಿಟೀಲು ಕಲಿಯುವ ಮಕ್ಕಳಿದ್ದರೆ ಒಂದು ಗಮನಿಸಲು ಹೇಳಿ: ಇಲ್ಲಿ ಫಿಡಲ್ ಹಿಡಿಯುವ ಬಗೆ, ಎರಡು ತಂತಿ ಒಟ್ಟಿಗೆ ಎಳೆಯುವ ಕಮಾನು, ಕೂತು ನುಡಿಸುವ ನಮ್ಮ ಕ್ರಮಕ್ಕಿಂತ ಪೂರಾ ಬೇರೆ. ಹಾಡಿನ ನಡುವೆ ಬಿಡುವಿನಲ್ಲಿ ಪ್ರಶ್ನೆ ಕೇಳಿದರೆ ಸಂತೋಷದಿಂದ ಉತ್ತರಿಸುತ್ತಾರೆ.

#10 · ಒದ್ದೆಕಲ್ಲು

ಎಲ್ಲರೂ ಪರಂಪರೆ ಹಿಡಿದುಕೊಂಡಿದ್ದೀರಿ, ಪ್ರಕೃತಿ ನಡಿಗೆ ಬಗ್ಗೆ ನಾನು ಹೇಳುತ್ತೇನೆ.

ಈ ಬೆಟ್ಟಗಳ ನಿಜವಾದ ಸಂಪತ್ತು ಸ್ಯಾಲಮ್ಯಾಂಡರ್. ಹಲ್ಲಿಯ ಆಕಾರ, ಆದರೆ ಕಪ್ಪೆಯ ಬಳಗ. ಶ್ವಾಸಕೋಶವೇ ಇಲ್ಲದ ಸ್ಯಾಲಮ್ಯಾಂಡರ್‌ಗಳ ವೈವಿಧ್ಯಕ್ಕೆ ದಕ್ಷಿಣ ಅಪಲೇಚಿಯನ್ ಪ್ರಪಂಚದಲ್ಲೇ ಮೊದಲು. ಉಸಿರಾಟ ಚರ್ಮದಿಂದ, ಚರ್ಮ ಸದಾ ಒದ್ದೆ ಇರಬೇಕು. ರೇಂಜರ್ ತೋರಿಸುವುದನ್ನು ಹತ್ತಿರದಿಂದ ಗಮನಿಸಿ: ಕೊಳೆತ ದಿಮ್ಮಿಯನ್ನು ತಮ್ಮ ಕಡೆಗೆ ಉರುಳಿಸುತ್ತಾರೆ, ಏನಾದರೂ ಓಡಿದರೆ ತಮ್ಮಿಂದ ಆಚೆಗೆ ಓಡಲಿ ಅಂತ. ಕೈಯನ್ನು ಹಳ್ಳದ ನೀರಲ್ಲಿ ಅದ್ದಿರುತ್ತಾರೆ. ಎಲೆಗಸದ ಮೇಲೆ ಬೆರಳುದ್ದದ ಪ್ರಾಣಿ, ಹೊಟ್ಟೆಯ ಪಕ್ಕಕ್ಕೆ ಉಂಗುರ ಉಂಗುರವಾಗಿ ಗೀರು, ಗಂಟಲ ಕೆಳಗಿನ ಚರ್ಮ ಮಾತ್ರ ಪಟಪಟ ಬಡಿಯುತ್ತಿರುತ್ತೆ. ಅರ್ಧ ನಿಮಿಷ, ಅಷ್ಟೇ. ದಿಮ್ಮಿಯನ್ನು ಮೊದಲಿದ್ದ ಅಚ್ಚಿನಲ್ಲೇ ಇಟ್ಟು, ಪ್ರಾಣಿಯನ್ನು ಅದರ ಪಕ್ಕ ಬಿಡುತ್ತಾರೆ, ತಾನೇ ಒಳಗೆ ನುಗ್ಗಲಿ ಅಂತ. ಮೇಲೆ ದಿಮ್ಮಿ ಹೇರಿದರೆ ಜಜ್ಜಿಹೋಗುತ್ತೆ. ಗ್ರ್ಯಾಂಡ್‌ಫಾದರ್ ಬೆಟ್ಟದ ಸುತ್ತ ಕೆಂಪು ಬೆನ್ನಿನ ಯೊನಾಲಾಸಿ ಎಂಬ ದೊಡ್ಡ ಜಾತಿ ಇದೆ.

ನಾವು ಮಾಡುವ ತಪ್ಪು: ಸೊಳ್ಳೆ ಮುಲಾಮು, ಸನ್‌ಸ್ಕ್ರೀನ್ ಸವರಿದ ಕೈಯಲ್ಲಿ ಮುಟ್ಟುವುದು. ಅದು ಚರ್ಮದಿಂದ ನೇರ ಒಳಗೆ ಹೋಗುತ್ತೆ. ಇನ್ನೊಂದು, ಮಕ್ಕಳು ಹಳ್ಳದಲ್ಲಿ ಕಲ್ಲು ಪೇರಿಸಿ ಅಣೆಕಟ್ಟು ಕಟ್ಟುವುದು. ಆ ಕಲ್ಲಿನಡಿಯೇ ಅವುಗಳ ಮನೆ, ಮೊಟ್ಟೆ ಇಡುವ ಜಾಗ. ಎರಡನ್ನೂ ಮೊದಲೇ ಮಕ್ಕಳಿಗೆ ಹೇಳಿರಿ.

ಎಲೆಯ ಬಣ್ಣ: 5,000 ಅಡಿ ಮೇಲೆ ಅಕ್ಟೋಬರ್ ಮೊದಲ ವಾರ, ಆಮೇಲೆ ಬಣ್ಣ ಕೆಳಗಿಳಿಯುತ್ತಾ ತಿಂಗಳ ಕೊನೆಗೆ ತಪ್ಪಲಿಗೆ ಬರುತ್ತೆ. ಹಳದಿ ಎಲೆಯಲ್ಲಿ ಮೊದಲೇ ಇರುತ್ತೆ, ಹಸಿರು ಹೋದಾಗ ಕಾಣುತ್ತೆ. ಕೆಂಪು ಹೊಸದಾಗಿ ಹುಟ್ಟುತ್ತೆ, ಅದಕ್ಕೆ ಬಿಸಿಲಿನ ಹಗಲು, ಮಂಜುಗಟ್ಟದ ತಣ್ಣನೆ ರಾತ್ರಿ ಬೇಕು. ಮೋಡ ಕವಿದ ಸೆಪ್ಟೆಂಬರ್ ಆದರೆ ಕೆಂಪು ಮಂಕು. ನೀವು ಹೋಗುವ ವಾರ ಮ್ಯಾಬ್ರಿ ಮಿಲ್ ಸುತ್ತ ಬಣ್ಣ ಏರುತ್ತಿರುತ್ತೆ.

ಗಿಡುಗಗಳ ವಲಸೆ ನೋಡುವ ಕಾರ್ಯಕ್ರಮಕ್ಕೆ ಮಾತ್ರ ನೀವು ತಡ. ಬ್ರಾಡ್‌ವಿಂಗ್ ಗಿಡುಗಗಳು ಸಾವಿರಗಟ್ಟಲೆ ಬಿಸಿಗಾಳಿಯ ಸುಳಿಯಲ್ಲಿ ಮೇಲೇರುವುದು ಸೆಪ್ಟೆಂಬರ್ ನಡುವಿನಿಂದ 25ರೊಳಗೆ. ಮುಂದಿನ ವರ್ಷಕ್ಕೆ ಹಾರ್ವೀಸ್ ನಾಬ್ (95.3) ಗುರುತು ಹಾಕಿಕೊಳ್ಳಿ, ಬೆಳಿಗ್ಗೆ 10ರಿಂದ 3, 8x42 ಬೈನಾಕ್ಯುಲರ್.

#11 · ಶಾರ್ಲಟ್ ಸಂಸಾರ

ಮಕ್ಕಳ ಜೂನಿಯರ್ ರೇಂಜರ್ ಪುಸ್ತಕ ಇದೆಯಂತಲ್ಲ, ಅದು ಹೇಗೆ? ಹಾಗೇ ಇಂಗ್ಲಿಷ್ ಬಾರದ ಹಿರಿಯರನ್ನು ಗುಂಪಿನಲ್ಲಿ ಹೇಗೆ ನಿಭಾಯಿಸುವುದು? ಊಟ?

#12 · ಹಲಗೆ ಬಳಪ

ಪುಸ್ತಕ ಸಂದರ್ಶಕ ಕೇಂದ್ರದಲ್ಲಿ ಉಚಿತ. ದಿನದ ಮೊದಲ ನಿಲ್ದಾಣದಲ್ಲೇ ಕೇಳಿ ತಗೊಳ್ಳಿ, ಸಂಜೆ ತಗೊಂಡರೆ ತುಂಬಲು ಸಮಯ ಇರಲ್ಲ. ವಯಸ್ಸಿಗೆ ತಕ್ಕಷ್ಟು ಚಟುವಟಿಕೆ ಮುಗಿಸಿ, ತೆರೆದಿರುವ ಯಾವುದಾದರೂ ಕೇಂದ್ರದಲ್ಲಿ ತೋರಿಸಿದರೆ ರೇಂಜರ್ ಪುಟ ತಿರುಗಿಸಿ ಪ್ರಶ್ನೆ ಕೇಳಿ, ಬಲಗೈ ಎತ್ತಿಸಿ ಪ್ರತಿಜ್ಞೆ ಹೇಳಿಸಿ ಬ್ಯಾಡ್ಜ್ ಕೊಡುತ್ತಾರೆ. ಹೆಚ್ಚಿನ ಕೇಂದ್ರ ಸಂಜೆ 5ಕ್ಕೆ ಮುಚ್ಚುತ್ತೆ, 4ರೊಳಗೆ ತಲುಪಿ. ಪೆನ್ಸಿಲ್ ಎರಡು, ಅಡಿಗೆ ಇಟ್ಟುಕೊಳ್ಳಲು ರಟ್ಟು ಒಂದು ಮನೆಯಿಂದಲೇ ಒಯ್ಯಿರಿ.

ಭಾಷೆಗೆ: ರೇಂಜರ್ ಮಾತಾಡುವಾಗ ಪಿಸುಗುಟ್ಟಿ ಅನುವಾದ ಮಾಡಿದರೆ ಇಬ್ಬರದೂ ಕೆಡುತ್ತೆ. ಶುರುವಾಗುವ ಮುಂಚೆ ಅವರಿಗೆ ಒಂದು ಮಾತು ಹೇಳಿ, "ಇವರಿಗೆ ಕನ್ನಡದಲ್ಲಿ ಹೇಳಬೇಕು, ನಡುನಡುವೆ ಸ್ವಲ್ಪ ನಿಲ್ಲಿಸಿ" ಅಂತ. ಮುಂದಿನ ಸಾಲಲ್ಲಿ ನಿಲ್ಲಿ. ಕೆಲವು ಪದ ಮೊದಲೇ ಹೇಳಿಟ್ಟರೆ ಹಿರಿಯರೇ ಹಿಡಿದುಕೊಳ್ಳುತ್ತಾರೆ: ಮಿಲ್ ಬೀಸುವ ಗಿರಣಿ, ಲೂಮ್ ಮಗ್ಗ, ಫ್ಲ್ಯಾಕ್ಸ್ ಅಗಸೆ, ಫೋರ್ಜ್ ಕುಲುಮೆ, ಮಿಡ್‌ವೈಫ್ ಸೂಲಗಿತ್ತಿ. ಸುಮ್ಮನೆ ಕೇಳುವವರಾಗಿ ಮಾತ್ರ ಅವರನ್ನು ಇಡಬೇಡಿ, ಅವರು ಕೇಳುವ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿ. ಕುಲುಮೆ ತಿದಿ, ಕಬ್ಬಿಣದ ಹದ ಇವುಗಳ ಬಗ್ಗೆ ಹಳ್ಳಿಯಲ್ಲಿ ಬೆಳೆದವರ ಪ್ರಶ್ನೆ ಬಹಳ ಹರಿತ ಇರುತ್ತೆ.

#13 · ಹಸಿರೆಲೆ

ಊಟ ಕಟ್ಟಿಕೊಂಡೇ ಹೋಗಿ. ಮ್ಯಾಬ್ರಿ ಮಿಲ್‌ನಲ್ಲಿ ಉಪಾಹಾರಗೃಹ ಇದೆ, ಅಕ್ಟೋಬರ್‌ನಲ್ಲಿ ಸಾಲು ಉದ್ದ. ಚಿತ್ರಾನ್ನ, ಚಪಾತಿ ಸರಿ, ಮೊಸರನ್ನಕ್ಕೆ ಐಸ್ ಡಬ್ಬ. ಕರಡಿ ಇರುವ ಕಾಡು ಅನ್ನುವುದು ಮರೆಯಬೇಡಿ: ತಿಂದ ಮೇಲೆ ಡಬ್ಬಿ, ಬಾಳೆಹಣ್ಣಿನ ಸಿಪ್ಪೆ, ಬಿಸ್ಕತ್ತಿನ ಪೊಟ್ಟಣ ಯಾವುದೂ ಮೇಜಿನ ಮೇಲಾಗಲಿ ಸೀಟಿನ ಮೇಲಾಗಲಿ ಬೇಡ, ಡಿಕ್ಕಿಯಲ್ಲಿ ಮುಚ್ಚಿಡಿ. ಅನ್ನದ ರುಚಿ ಹತ್ತಿದ ಕರಡಿ ಮತ್ತೆ ಜನರ ಹತ್ತಿರ ಬರುತ್ತೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತೆ. ಕ್ಯಾಂಪ್‌ಗ್ರೌಂಡ್‌ಗೆ ಮನೆಯ ಸೌದೆ ಒಯ್ಯಬೇಡಿ, ಶಾಖ ಕೊಟ್ಟು ಪ್ರಮಾಣೀಕರಿಸಿದ ಸೌದೆ ಮಾತ್ರ ಬಿಡುತ್ತಾರೆ. ಮರಕೊರಕ ಹುಳು ಸೌದೆಯ ಜೊತೆ ಊರೂರು ದಾಟುತ್ತೆ. ಡ್ರೋನ್ ಹಾರಿಸುವಂತಿಲ್ಲ.

ಬಟ್ಟೆ: ಸಾವಿರ ಅಡಿ ಏರಿದರೆ ಸುಮಾರು 3.5 ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತೆ. ಶಾರ್ಲಟ್‌ನಲ್ಲಿ 68 ಇದ್ದರೆ ಮಿಲ್ ಹತ್ತಿರ 60ರ ಆಸುಪಾಸು, ಗಾಳಿ ಬೇರೆ. ಹಿರಿಯರಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ, ಕಾಲುಚೀಲ ಹಾಕಿದ ಷೂ. ಚಪ್ಪಲಿ ಒದ್ದೆ ಎಲೆಯ ಮೇಲೆ ಜಾರುತ್ತೆ.

#14 · ಶಾರ್ಲಟ್ ಸಂಸಾರ

ಹಾಗಾದರೆ ಹೀಗೆ: ಶನಿವಾರ ಬೆಳಿಗ್ಗೆ 8ಕ್ಕೆ ಹೊರಟು ಮೊದಲು ಮ್ಯೂಸಿಕ್ ಸೆಂಟರ್, ಆಮೇಲೆ ಬೇಲಿ, ಪಕೆಟ್ ಕ್ಯಾಬಿನ್, ಸಂಜೆ ಮಿಲ್. ಸರಿಯಾ?

#15 · ಬೀಸುಕಲ್ಲು

ತಿರುಗಿಸಿ ಹಾಕಿ. ಸಂಗೀತ ಶುರುವಾಗುವುದೇ 12ಕ್ಕೆ, ಮಿಲ್‌ನ ಪಾರ್ಕಿಂಗ್ ತುಂಬುವುದು 11ರ ಹೊತ್ತಿಗೆ. 7ಕ್ಕೆ ಹೊರಡಿ. ಫ್ಯಾನ್ಸಿ ಗ್ಯಾಪ್‌ನಲ್ಲಿ ಪೆಟ್ರೋಲ್, ಬಾತ್‌ರೂಮ್ ಮುಗಿಸಿ ನೇರ ಮಿಲ್‌ಗೆ ಬನ್ನಿ, 9:45ರೊಳಗೆ. ಎರಡು ಗಂಟೆ ಅಲ್ಲೇ ಇರಿ, ದಾರಿ ಚಿಕ್ಕದು, ಮಟ್ಟಸವಾಗಿದೆ. 11:45ಕ್ಕೆ ಹೊರಟರೆ ಗ್ರೌಂಡ್‌ಹಾಗ್‌ನಲ್ಲಿ ಊಟ, ಆಮೇಲೆ ಪಕೆಟ್ ಕ್ಯಾಬಿನ್ ನೋಡಲು ಹದಿನೈದು ನಿಮಿಷ, 2ಕ್ಕೆ ಮ್ಯೂಸಿಕ್ ಸೆಂಟರ್. ಸಂಗ್ರಹಾಲಯ ನೋಡಿ ಒಂದೂವರೆ ಗಂಟೆ ಸಂಗೀತ ಕೇಳಬಹುದು. ಮಕ್ಕಳ ಪುಸ್ತಕಕ್ಕೆ ಅಲ್ಲೇ ಬ್ಯಾಡ್ಜ್ ಕೊಡುತ್ತಾರಾ ಅಂತ ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ.

#16 · ಘಟ್ಟದ ಹಾದಿ

ಸಂಜೆ ವಾಪಸ್ ಬರುವಾಗ ಐ-77ರಲ್ಲಿ ಫ್ಯಾನ್ಸಿ ಗ್ಯಾಪ್ ಇಳಿಜಾರು ಮಂಜಿಗೆ ಹೆಸರುವಾಸಿ. ಮೇಲೆ ಮಂಜು ಕಂಡರೆ ಆ ಇಳಿಜಾರು ಬಿಟ್ಟು, ಮ್ಯೂಸಿಕ್ ಸೆಂಟರ್‌ನಿಂದ ನೇರ ಹೆದ್ದಾರಿ 89 ಹಿಡಿದು ಕೆಳಗಿಳಿಯಿರಿ. ಹೆಡ್‌ಲೈಟ್ ಕೆಳಬೆಳಕಿನಲ್ಲೇ ಇರಲಿ, ಮೇಲುಬೆಳಕು ಹಾಕಿದರೆ ಮಂಜಿನಲ್ಲಿ ಬಿಳಿಗೋಡೆ ಮಾತ್ರ ಕಾಣುತ್ತೆ.